ಬಿ ಸೈಡಿನ ಎರಡನೆಯ ಹಾಡು

ರಟ್ಟಿನ ಹೊದಿಕೆಯ ಉದ್ದನೆಯ ಲೆಕ್ಕದ ಪುಸ್ತಕವೊಂದು ನನ್ನ ಬಳಿ ಇದೆ. ಎಂ.ಎ. ಮುಗಿಸಿ ಕೆಲಸಕ್ಕಾಗಿ ಕಾಯುತ್ತಿದ್ದ ದಿನಗಳಲ್ಲಿ, 1994ರಿಂದ 2000ದವರೆಗೆ, ರಾಯಚೂರಿನ ಒಂದು ಕ್ಯಾಸೆಟ್ ಅಂಗಡಿಯಲ್ಲಿ ಕುಳಿತು ಬರೆದ ಪುಸ್ತಕ ಅದು. ಅಂಗಡಿ ಮುಚ್ಚುವಾಗ ಮಾಲೀಕರು, “ಇದನ್ನ ರದ್ದಿಗೆ ಹಾಕಿದ್ರ ನಾಕಾಣೆ ಬರಂಗಿಲ್ಲ, ನೀನs ಒಯ್ಯಿ” ಎಂದು ನನಗೇ ಕೊಟ್ಟರು. ಪುಟಕ್ಕೆ ನಾಲ್ಕು ಕಾಲಮ್ಮು: ತಾರೀಖು, ಕ್ಯಾಸೆಟ್ಟಿನ ಹೆಸರು, ಬಂದ ಪ್ರತಿ, ಹೋದ ಪ್ರತಿ. ಹಾಡಿಗೆ ಕಾಲಮ್ಮು ಇಲ್ಲ. ಆರು ವರ್ಷಗಳಲ್ಲಿ ಸಾವಿರಾರು ಹಾಡುಗಳನ್ನು ಮಾರಿದ ಅಂಗಡಿಯ ಲೆಕ್ಕದಲ್ಲಿ ಒಂದು ಹಾಡಿನ ಹೆಸರೂ ಇಲ್ಲವೆಂಬುದು ಆ ದಿನಗಳಲ್ಲಿ ನನಗೆ ವಿಚಿತ್ರವೆನಿಸಿರಲಿಲ್ಲ.

ನನ್ನ ಊರು ಕೆ.ಟಿ. ದೊಡ್ಡಿ. ಬಿಡಿಸಿ ಹೇಳಿದರೆ ಕಲೂರು ತಿಮ್ಮನದೊಡ್ಡಿ. 2016ರಲ್ಲಿ ಹೊಸ ಜಿಲ್ಲೆಗಳಾದಾಗ ನಾವು ಮಹಬೂಬನಗರವನ್ನು ಬಿಟ್ಟು ಜೋಗುಳಾಂಬ ಗದ್ವಾಲ ಜಿಲ್ಲೆಯವರಾದೆವು. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಈ ನೆಲವನ್ನು ಜನ ನಡಿಗಡ್ಡ ಎನ್ನುತ್ತಾರೆ. ಕಚೇರಿಯ ಕಾಗದ ತೆಲುಗಿನಲ್ಲಿ, ಮನೆಯ ಜಗಳ ಕನ್ನಡದಲ್ಲಿ. ಸಂತೆಗೆ ಗದ್ವಾಲಕ್ಕೆ ಹೋದರೂ ಓದಿಗೆ, ಸಿನಿಮಾಕ್ಕೆ, ಕ್ಯಾಸೆಟ್ಟಿಗೆ ರಾಯಚೂರಿನ ಬಸ್ಸು ಹಿಡಿಯುತ್ತಿದ್ದೆವು.

1996ರಲ್ಲಿ ನಮ್ಮ ಸೀಮೆಯ ಪದಗಳ ಒಂದು ಕ್ಯಾಸೆಟ್ ಬಂತು. ಎಂಟು ಹಾಡು, ಸೈಡಿಗೆ ನಾಲ್ಕು. ಊರಿಂದೂರಿಗೆ ತಿರುಗಿ ಹಾಡುಗಾರರನ್ನು ಹುಡುಕಿಕೊಂಡು ಬಂದ ಒಂದು ಸಣ್ಣ ಕಂಪನಿ ಅದನ್ನು ಮಾಡಿತ್ತು. ಎ ಸೈಡಿನ ಮೊದಲ ಹಾಡು ಒಬ್ಬ ಗಂಡಸಿನ ಗೀಗೀ ಪದ. ಹೆಂಡತಿಗೆ ಹೆದರುವ ಗಂಡನ ನಗೆಪಾಟಲು. ಬಿ ಸೈಡಿನ ಎರಡನೆಯದು ನನ್ನ ಸೋದರತ್ತೆಯ ಬೀಸುವ ಪದ. ಅವಳನ್ನು ನದಿಯಾಚೆ ಮಖ್ತಲ್ ಕಡೆಗೆ ಕೊಟ್ಟಿತ್ತು. ಹಾಡಿನ ಕಥೆಯೂ ಹೆಚ್ಚುಕಡಿಮೆ ಅದೇ: ಪಂಚಮಿಗೆ ಕರೆಯಲು ಬರಬೇಕಾದ ಅಣ್ಣ, ಉಕ್ಕಿದ ಹೊಳೆ, ಇಳಿಯದ ಹರಿಗೋಲು, ದಡದಲ್ಲಿ ಕುಳಿತ ತಂಗಿ. ಅವಳು ಅದನ್ನು ತನ್ನ ಅತ್ತೆಯಿಂದ ಕಲಿತಿದ್ದಳು. ಕ್ಯಾಸೆಟ್ಟಿನ ಒಳಚೀಟಿಯಲ್ಲಿ ಆ ಹಾಡಿನ ಮುಂದೆ ‘ಸಾಂಪ್ರದಾಯಿಕ’ ಎಂದಷ್ಟೇ ಅಚ್ಚಾಗಿತ್ತು. ನಮ್ಮ ಪಕ್ಕದ ಉತ್ತನೂರಿನ ಗೋಪಾಲದಾಸರು ತಮ್ಮ ಪದಗಳ ಕೊನೆಗೆ ಗೋಪಾಲವಿಠಲ ಎಂಬ ಅಂಕಿತವನ್ನು ಇಟ್ಟಿದ್ದರಿಂದ ಎರಡೂವರೆ ಶತಮಾನ ಕಳೆದರೂ ಪದ ಯಾರದೆಂದು ಗೊತ್ತಾಗುತ್ತದೆ. ಬೀಸುಕಲ್ಲಿನ ಮುಂದೆ ಕೂತವರಿಗೆ ಅಂಕಿತವೆಲ್ಲಿಯದು?

ಕ್ಯಾಸೆಟ್ ನಮ್ಮ ಅಂಗಡಿಯ ಮಟ್ಟಿಗೆ ಚೆನ್ನಾಗಿಯೇ ಹೋಯಿತು. ಅದೇ ವರ್ಷ ‘ಜನುಮದ ಜೋಡಿ’ ಚಿತ್ರದ ಕ್ಯಾಸೆಟ್ಟಿಗೆ ಜನ ಮುಗಿಬೀಳುತ್ತಿದ್ದ ಕಾಲ. ಅದರ ನಡುವೆಯೂ ನಮ್ಮ ಊರ ಕಡೆಯವರು ಬಂದು “ನಮ್ಮ ಕಡಿ ಪದದ್ದು ಕೊಡ್ರಿ” ಎಂದು ಕೇಳಿ ಒಯ್ಯುತ್ತಿದ್ದರು. ಮೂರು ತಿಂಗಳ ಮೇಲೆ ಕಂಪನಿಯವರು ಬಂದರು. ಚಹಾ ಕುಡಿಯುತ್ತ, “ಇದರೊಳಗ ಯಾವ ಹಾಡು ಓಡ್ತದ?” ಎಂದು ಕೇಳಿದರು. ಎರಡನೆಯ ಕ್ಯಾಸೆಟ್ ಮಾಡುವ ಯೋಚನೆಯಿತ್ತು ಅವರಿಗೆ. ನಾನು ಪುಸ್ತಕ ತೆರೆದೆ. ಪುಸ್ತಕದಲ್ಲಿ ಕ್ಯಾಸೆಟ್ ಎಷ್ಟು ಹೋಯಿತೆಂದು ಇತ್ತು, ಹಾಡು ಎಷ್ಟು ಹೋಯಿತೆಂದು ಇರಲಿಲ್ಲ. ಆದರೂ ಉತ್ತರ ಕೊಡಬೇಕಲ್ಲ. “ಮೊದಲನೇದು ಓಡ್ತದ್ರಿ, ಗೀಗೀ ಪದ” ಎಂದೆ. ಯಾಕೆ ಹಾಗೆಂದೆನೆಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗಿರಾಕಿಗೆ ಕ್ಯಾಸೆಟ್ ಕೊಡುವ ಮುನ್ನ ಅಂಗಡಿಯ ಡೆಕ್ಕಿನಲ್ಲಿ ಅರ್ಧ ನಿಮಿಷ ಹಾಕಿ ತೋರಿಸುವುದು ರೂಢಿ. ಆ ಅರ್ಧ ನಿಮಿಷ ಯಾವಾಗಲೂ ಎ ಸೈಡಿನ ಮೊದಲ ಹಾಡಿನದು. ದಿನಕ್ಕೆ ಹತ್ತು ಸಲ ನನ್ನ ಕಿವಿಗೆ ಬಿದ್ದದ್ದನ್ನೇ ನಾನು ಜನಪ್ರಿಯವೆಂದು ತಿಳಿದೆ. ಇನ್ನೂ ಒಂದು ಕಾರಣವಿದೆ. ಸ್ವಂತ ಅತ್ತೆಯ ಹೆಸರನ್ನು ಹೇಳಿದರೆ ‘ಮನೆಯವರನ್ನು ಮುಂದೆ ಮಾಡಿದ’ ಎಂದಾರೆಂಬ ಸಂಕೋಚ.

ಎರಡನೆಯ ಕ್ಯಾಸೆಟ್ಟಿನಲ್ಲಿ ಎಂಟಕ್ಕೆ ಎಂಟೂ ಗೀಗೀ ಪದಗಳು. ಅತ್ತೆಯನ್ನು ಯಾರೂ ಕರೆಯಲಿಲ್ಲ.

ಅದು ಬರುವ ಹೊತ್ತಿಗೆ ಮೊದಲ ಕ್ಯಾಸೆಟ್ಟುಗಳು ರಿಪೇರಿಗೆ ಬರತೊಡಗಿದವು. ರೀಲು ಸಿಕ್ಕಿಹಾಕಿಕೊಂಡದ್ದು, ಮಡಿಸಿಹೋದದ್ದು, ತುಂಡಾದದ್ದು. ಅಂಗಡಿಯಲ್ಲಿ ಆ ಕೆಲಸವೂ ನನ್ನದೇ. ಪೆನ್ಸಿಲಿನಿಂದ ಸುತ್ತಿ, ಕೆಟ್ಟ ಭಾಗವನ್ನು ಬ್ಲೇಡಿನಿಂದ ಕೊಯ್ದು, ತುದಿಗೆ ತುದಿ ಅಂಟಿಸಿ, ಸರಿಯಾಯಿತೇ ಎಂದು ಹಾಕಿ ಕೇಳಬೇಕು. ಮೊದಲನೆಯದು ತುಂಡಾಗಿದ್ದದ್ದು ಬಿ ಸೈಡಿನಲ್ಲಿ, ಎರಡನೆಯ ಹಾಡು ಶುರುವಾಗುವ ಕಡೆ. ಎರಡನೆಯ ಕ್ಯಾಸೆಟ್ಟೂ ಅಲ್ಲಿಯೇ. ನಾಲ್ಕನೆಯದು ಬಂದಾಗ ನನ್ನ ಕೈ ನಿಂತಿತು. ಒಂದೇ ಜಾಗದಲ್ಲಿ ಹಿಂದಕ್ಕೆ ಸುತ್ತಿ ಮತ್ತೆ ಹಾಕಿ, ಮತ್ತೆ ಸುತ್ತಿ ಹಾಕಿ, ಆ ಒಂದು ಗೇಣು ರೀಲು ಸವೆದುಹೋಗಿತ್ತು. ಜನ ಕ್ಯಾಸೆಟ್ ಕೊಂಡದ್ದು ಯಾವ ಹಾಡಿಗಾಗಿ ಎಂಬ ಲೆಕ್ಕ ನನ್ನ ಪುಸ್ತಕದಲ್ಲಿರಲಿಲ್ಲ. ಕಸದ ಬುಟ್ಟಿಗೆ ಬಿದ್ದ ಆ ರೀಲಿನ ಚೂರುಗಳಲ್ಲಿತ್ತು.

ಅತ್ತೆಗೆ ಹೇಳಿದೆ. ಪಂಚಮಿಗೆ ಬಂದಿದ್ದಳು. ನಾನು ಕಂಪನಿಯವರಿಗೆ ಹೇಳಿದ್ದನ್ನೂ ಮುಚ್ಚಿಡಲಿಲ್ಲ. ಅವಳು ಶೇಂಗಾ ಸುಲಿಯುತ್ತಿದ್ದಳು. “ಇರ್ಲಿ ಬಿಡೋ. ಒಂದs ಹಾಡು ಬರೂದು ನನಗ, ಇನ್ನೊಂದು ಕೇಳಿದ್ರ ಎಲ್ಲಿಂದ ತರ್ಲಿ” ಎಂದಳು. ಅದು ಸುಳ್ಳು. ಅವಳಿಗೆ ಬರುತ್ತಿದ್ದ ಹಾಡುಗಳು ಒಂದು ರಾತ್ರಿಗೆ ಮುಗಿಯುವಂಥವಲ್ಲ. 2009ರಲ್ಲಿ ಅವಳು ತೀರಿಕೊಂಡಾಗ ಅವೆಲ್ಲ ಅವಳೊಂದಿಗೇ ಹೋದವು. ಉಳಿದದ್ದು ಬಿ ಸೈಡಿನ ಎರಡನೆಯದು ಮಾತ್ರ.

ಹಾಡಿನ ಜನಪ್ರಿಯತೆಯನ್ನು ಅಳೆಯುವ ಕಷ್ಟ ನನ್ನೊಬ್ಬನದೇ ಆಗಿರಲಿಲ್ಲ. 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿ ಆರಂಭಿಸಿದ ‘ಬಿನಾಕಾ ಗೀತಮಾಲಾ’ವನ್ನು ನಮ್ಮ ತಂದೆಯ ತಲೆಮಾರಿನವರು ಬುಧವಾರ ರಾತ್ರಿ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಹಾಡು ಯಾವ ಮೆಟ್ಟಿಲಿನಲ್ಲಿದೆಯೆಂದು ತೀರ್ಮಾನಿಸಲು ಅವರು ರೆಕಾರ್ಡುಗಳ ಮಾರಾಟವನ್ನು ನೋಡುತ್ತಿದ್ದರು. ಆದರೆ ಒಂದು ಹಾಡು ಅತಿಯಾಗಿ ಮೆಚ್ಚುಗೆಯಾಗಿ ಅಂಗಡಿಯಲ್ಲಿ ರೆಕಾರ್ಡೇ ಮುಗಿದುಹೋದರೆ ಆ ವಾರ ಮಾರಾಟ ಸೊನ್ನೆ! ಮೆಚ್ಚುಗೆಯೇ ಹಾಡನ್ನು ಕೆಳಗಿಳಿಸುವ ಈ ವಿಪರೀತಕ್ಕೆ ಮದ್ದಾಗಿ ಊರೂರಿನ ಶ್ರೋತೃ ಸಂಘಗಳಿಂದಲೂ ಪಟ್ಟಿ ತರಿಸಿಕೊಂಡರು. ಆಗಿನ 78 ವೇಗದ ತಟ್ಟೆಯಲ್ಲಿ ಮಗ್ಗುಲಿಗೆ ಒಂದೇ ಹಾಡು. ಕೊಂಡವನ ಮನಸ್ಸು ಸುಮಾರಾಗಿ ತಿಳಿಯುತ್ತಿತ್ತು. ದೊಡ್ಡ ತಟ್ಟೆ, ಆಮೇಲೆ ಕ್ಯಾಸೆಟ್ ಬಂದಮೇಲೆ ಅದೂ ಹೋಯಿತು. ಎಂಟು ಹಾಡು ಒಂದೇ ಗಂಟು. ಯಾವುದಕ್ಕಾಗಿ ಗಂಟು ಹೊತ್ತನೆಂದು ಹೊತ್ತವನನ್ನೇ ಕೇಳಬೇಕು.

ಇದೇ ಸಮಸ್ಯೆಯ ಇನ್ನೊಂದು ಮುಖ ನನಗೆ ತಿಳಿದದ್ದು ಅಮೆರಿಕೆಯಲ್ಲಿ. 2019ರಲ್ಲಿ ಟೆಕ್ಸಾಸಿನ ಡಲ್ಲಾಸಿನಲ್ಲಿರುವ ತಮ್ಮನ ಮನೆಗೆ ಹೋಗಿದ್ದೆ. ಅಲ್ಲಿ ಕಾರು ಹತ್ತಿದರೆ ರೇಡಿಯೋ, ರೇಡಿಯೋ ಹಾಕಿದರೆ ‘ಕಂಟ್ರಿ’ ಹಾಡು. ಗಿಟಾರು, ಪಿಟೀಲು, ಉದ್ದ ದಾರಿ, ಹಳೆಯ ಟ್ರಕ್ಕು, ಬಿಟ್ಟುಬಂದ ಊರು, ತಾಯಿ. ಮಾತು ಪೂರ್ತಿ ತಿಳಿಯದಿದ್ದರೂ ದನಿ ಪರಿಚಿತವೆನಿಸಿತು; ಅವರ ಹಳ್ಳಿಯ ಪದ. ತಮ್ಮನಿಗೆ ಅದರ ಹುಚ್ಚು. ಒಂದು ಹಾಡಿಗಾಗಿ ಹಿಂದೆ ತಾನು ಕಂಪ್ಯೂಟರಿನಲ್ಲಿ ಇಡೀ ಆಲ್ಬಮ್ಮನ್ನೇ ಕೊಂಡದ್ದನ್ನು ಹೇಳಿದ. “ಹಾಗಾದ್ರ ನಿನ್ನ ರೊಕ್ಕ ಆ ಹಾಡಿನ ಲೆಕ್ಕಕ್ಕ ಹೋತೇನು?” ಎಂದೆ. ನಕ್ಕ. “ಇಲ್ಲಣ್ಣ. ಆಲ್ಬಮ್ಮಿನ ಲೆಕ್ಕಕ್ಕ ಹೋತು. ಹಾಡಿನ ಲೆಕ್ಕಕ್ಕ ಏನೂ ಇಲ್ಲ” ಎಂದ. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅಲ್ಲಿದ್ದ ಎರಡು ತಿಂಗಳೂ, ಊರಿಗೆ ಮರಳಿದ ಮೇಲೂ, ಈ ಲೆಕ್ಕದ ಬೆನ್ನು ಹತ್ತಿದೆ.

ಅಲ್ಲಿ ಹಾಡುಗಳ ಸ್ಥಾನಪಟ್ಟಿಯನ್ನು ವಾರವಾರ ಕೊಡುವುದು ‘ಬಿಲ್‌ಬೋರ್ಡ್’ ಪತ್ರಿಕೆ. 1944ರಿಂದ ಹಳ್ಳಿ ಹಾಡುಗಳಿಗೇ ಒಂದು ಪಟ್ಟಿಯಿದೆ. ಮೊದಲು ಜ್ಯೂಕ್‌ಬಾಕ್ಸ್ ಯಂತ್ರಗಳಲ್ಲಿ ಜನ ನಾಣ್ಯ ಹಾಕಿ ಕೇಳಿದ್ದರ ಎಣಿಕೆಯಿಂದ ಆರಂಭವಾದದ್ದು. ಆಲ್ಬಮ್ಮುಗಳ ಪಟ್ಟಿಯ ಕಥೆ ನನ್ನನ್ನು ನೇರವಾಗಿ ಇರಿಯಿತು. 1991ರ ಮೇ ತಿಂಗಳವರೆಗೆ ಅದಕ್ಕೆ ಆಧಾರ ಅಂಗಡಿಯವರ ಬಾಯಿಮಾತು. ವಾರಕ್ಕೊಮ್ಮೆ ಕೇಳುವುದು, ಗಲ್ಲೆಯ ಮೇಲಿನವನು ‘ಇದು ಓಡುತ್ತಿದೆ, ಇದು ಓಡುತ್ತಿಲ್ಲ’ ಎಂದು ಹೇಳುವುದು. ಆಮೇಲೆ ಸೌಂಡ್‌ಸ್ಕ್ಯಾನ್ ಎಂಬ ವ್ಯವಸ್ಥೆ ಬಂದು, ಬಾರ್‌ಕೋಡಿನಿಂದ ನಿಜವಾದ ಮಾರಾಟವನ್ನು ಎಣಿಸತೊಡಗಿದರು. ಹಳ್ಳಿ ಹಾಡಿನ ಆಲ್ಬಮ್ಮುಗಳು ಪಟ್ಟಿಯಲ್ಲಿ ದಿಢೀರನೆ ಮೇಲೇರಿದವು. ಅದೇ ಸೆಪ್ಟೆಂಬರಿನಲ್ಲಿ ಗಾರ್ತ್ ಬ್ರೂಕ್ಸ್ ಎಂಬ ಕಂಟ್ರಿ ಗಾಯಕನ ಆಲ್ಬಂ ಪಟ್ಟಿಗೆ ಬಂದ ಮೊದಲ ವಾರವೇ ಮೊದಲ ಸ್ಥಾನದಲ್ಲಿ ನಿಂತಿತು. ಕಂಟ್ರಿ ಆಲ್ಬಮ್ಮಿಗೆ ಹಾಗಾದದ್ದು ಅದೇ ಮೊದಲು. ಜನ ಹಿಂದಿನಿಂದಲೂ ಕೊಳ್ಳುತ್ತಲೇ ಇದ್ದರು. ಪಟ್ಟಣದ ಅಂಗಡಿಯ ಹುಡುಗರಿಗೆ ಅದು ಕಾಣಿಸುತ್ತಿರಲಿಲ್ಲ, ಅಷ್ಟೆ. ಇದನ್ನು ಓದುವಾಗ ಆ ಹುಡುಗರ ಸಾಲಿನಲ್ಲಿ ನಾನೂ ನಿಂತಿದ್ದೆ.

ಇನ್ನು ಒಂಟಿ ಹಾಡಿನ ಪಟ್ಟಿ. 1990ರಿಂದ 2012ರವರೆಗೆ ಕಂಟ್ರಿ ಹಾಡಿನ ಸ್ಥಾನವನ್ನು ರೇಡಿಯೋ ಪ್ರಸಾರವೊಂದರಿಂದಲೇ ನಿರ್ಧರಿಸುತ್ತಿದ್ದರು. ಎಷ್ಟು ಮಾರಿದರೂ ಅದು ಲೆಕ್ಕಕ್ಕಿಲ್ಲ. ನಡುವೆ 2003ರಲ್ಲಿ ಐಟ್ಯೂನ್ಸ್ ಅಂಗಡಿ ತೆರೆದು ಒಂದು ಹಾಡಿಗೆ 99 ಸೆಂಟು ಎಂದು ಗಂಟನ್ನು ಬಿಚ್ಚಿ ಬಿಡಿ ಮಾರಾಟಕ್ಕೆ ಇಟ್ಟಿತು. 2012ರ ಅಕ್ಟೋಬರಿನಲ್ಲಿ ನಿಯಮ ಬದಲಾಗಿ, ಬಿಡಿ ಹಾಡಿನ ಡಿಜಿಟಲ್ ಮಾರಾಟ, ಅಂತರ್ಜಾಲದಲ್ಲಿ ಕೇಳಿದ್ದು, ಪಾಪ್ ಹಾಡಿನ ರೇಡಿಯೋಗಳಲ್ಲಿ ಬಿತ್ತರವಾದದ್ದು ಎಲ್ಲವೂ ಕಂಟ್ರಿ ಪಟ್ಟಿಗೆ ಸೇರಿದವು. ಟೇಲರ್ ಸ್ವಿಫ್ಟಳ ಒಂದು ಹಾಡು ಆ ಒಂದೇ ವಾರದಲ್ಲಿ 21ನೆಯ ಸ್ಥಾನದಿಂದ ಮೊದಲನೆಯದಕ್ಕೆ ಜಿಗಿಯಿತು. ಹಳ್ಳಿ ಹಾಡನ್ನೇ ನಂಬಿ ಬದುಕಿದ್ದವರು ಪೇಟೆಯ ಕಿವಿ ಬಂದು ನಮ್ಮ ಪಟ್ಟಿಯನ್ನು ಕೆಡಿಸಿತೆಂದು ದೂರಿದರು. ಅವರ ದೂರಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ.

ಆದರೆ ನನ್ನ ಕುತೂಹಲ ಮುಂದಿನ ಸಂಗತಿಯಲ್ಲಿ. ಅದೇ ತಿಂಗಳ ಕೊನೆಗೆ, ಆ ಹಾಡೂ ಸೇರಿದ್ದ ‘ರೆಡ್’ ಎಂಬ ಆಲ್ಬಂ ಬಂತು. ಮೊದಲ ವಾರದಲ್ಲಿಯೇ 12 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಅದರಲ್ಲಿ ಡಿಜಿಟಲ್ ಪ್ರತಿಗಳೇ ಲಕ್ಷಗಟ್ಟಲೆ. ಹಾಡು ಅಷ್ಟೂ ಮನೆಗಳನ್ನು ಹೊಕ್ಕಿತು. ಹಾಡಿನ ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು ಸೊನ್ನೆ. ಆಲ್ಬಮ್ಮಿನ ಮಾರಾಟ ಆಲ್ಬಮ್ಮಿನದು, ಹಾಡಿನ ಮಾರಾಟ ಹಾಡಿನದು. ಇಡೀ ಆಲ್ಬಂ ಕೊಂಡವನು ಆ ಹಾಡನ್ನು ಬಿಡಿಯಾಗಿ ಮತ್ತೆ ಕೊಳ್ಳುವುದಿಲ್ಲವಾದ್ದರಿಂದ ಆಲ್ಬಂ ಬಂದ ವಾರದಿಂದ ಬಿಡಿ ಮಾರಾಟ ತಗ್ಗಬಹುದು ಕೂಡ. ಹಾಡನ್ನು ಅತಿಯಾಗಿ ಪ್ರೀತಿಸಿದವನೇ, ಅದರ ನೆಂಟರಿಷ್ಟರ ಸಮೇತ ಮನೆಗೆ ಕರೆದುಕೊಂಡು ಹೋದವನೇ, ಹಾಡಿನ ಎಣಿಕೆಯಿಂದ ಹೊರಗೆ.

ತಿರುಗುಮುರುಗಾಗಿ ನೋಡಿದರೆ ಲೆಕ್ಕ ಬೇರೆ. 2014ರ ಡಿಸೆಂಬರಿನಲ್ಲಿ ಅವರ ಮುಖ್ಯ ಆಲ್ಬಂ ಪಟ್ಟಿಯಲ್ಲಿ ಬಿಡಿ ಹಾಡು ಹತ್ತು ಮಾರಿದರೆ ಒಂದು ಆಲ್ಬಂ ಮಾರಿದಂತೆ ಎಂದೂ, ಹಾಡನ್ನು 1500 ಸಲ ಕೇಳಿದರೆ ಒಂದು ಆಲ್ಬಂ ಮಾರಿದಂತೆ ಎಂದೂ ಗೊತ್ತುಮಾಡಿದರು; 1500ರ ಲೆಕ್ಕ 2018ರವರೆಗೆ ನಡೆಯಿತು. ಹಾಡು ದುಡಿದದ್ದು ಆಲ್ಬಮ್ಮಿಗೆ ಸೇರುತ್ತದೆ. ಆಲ್ಬಂ ದುಡಿದದ್ದು ಹಾಡಿಗೆ ಇಳಿಯುವುದಿಲ್ಲ. ನಮ್ಮ ಕಡೆಯ ಹಳೆಯ ಕೂಡುಕುಟುಂಬಗಳಲ್ಲಿ ಸೊಸೆಯ ಗಳಿಕೆಗೆ ಇದೇ ನ್ಯಾಯವಿತ್ತು. ಕೇಳಿಕೆಯ ಕಾಲದಲ್ಲಿ ಈ ಅನ್ಯಾಯ ಸ್ವಲ್ಪ ಸರಿಹೋಗಿದೆ ಎನ್ನಬೇಕು: ಆಲ್ಬಮ್ಮನ್ನು ಕೊಳ್ಳದೆ ಫೋನಿನಲ್ಲಿ ಒಂದೊಂದಾಗಿ ಕೇಳಿದರೆ ಪ್ರತಿ ಹಾಡಿಗೂ ಅದರದರ ಎಣಿಕೆ ಸಿಗುತ್ತದೆ. 2023ರ ಮಾರ್ಚಿನಲ್ಲಿ ಮಾರ್ಗನ್ ವಾಲೆನ್ ಎಂಬ ಕಂಟ್ರಿ ಗಾಯಕನ ಆಲ್ಬಂ ಬಂದಾಗ ಅದರ 36 ಹಾಡುಗಳೂ ಒಟ್ಟಿಗೇ ಆ ದೇಶದ ನೂರು ಹಾಡುಗಳ ಪಟ್ಟಿಗೆ ನುಗ್ಗಿದವು. ಅಂದರೆ ಒಂದೇ ಆಲ್ಬಮ್ಮನ್ನು ದುಡ್ಡು ಕೊಟ್ಟು ಕೊಂಡರೆ ಹಾಡಿಗೆ ಏನೂ ಇಲ್ಲ, ಕೊಳ್ಳದೆ ಕೇಳಿದರೆ ಎಲ್ಲ ಉಂಟು. ಲೆಕ್ಕಶಾಸ್ತ್ರದ ಲೀಲೆ!

ನಮ್ಮಲ್ಲಿ ಕ್ಯಾಸೆಟ್ಟಿನ ನಂತರ ಬಂದದ್ದು ಮೆಮೊರಿ ಕಾರ್ಡು. ಗದ್ವಾಲದಲ್ಲಿ, ರಾಯಚೂರಿನಲ್ಲಿ ಮೊಬೈಲ್ ಅಂಗಡಿಗೆ ಹೋಗಿ ಕಾರ್ಡು ಕೊಟ್ಟರೆ ನೂರಾರು ಹಾಡು ತುಂಬಿ ಕೊಡುತ್ತಿದ್ದರು. ತುಂಬಿದವನಿಗೂ ತುಂಬಿಸಿಕೊಂಡವನಿಗೂ ಒಳಗೆ ಏನಿದೆಯೆಂದು ಗೊತ್ತಿರುತ್ತಿರಲಿಲ್ಲ. ಆ ವರ್ಷಗಳಲ್ಲಿ ಜನ ಏನು ಕೇಳಿದರೆಂಬುದಕ್ಕೆ ನನ್ನದರಂಥ ಪುಸ್ತಕವೂ ಇಲ್ಲ. ಆಮೇಲೆ ಯೂಟ್ಯೂಬು. ಬೆಳಗಾವಿ ಕಡೆಯ ಮಾಳು ನಿಪನಾಳರಂಥವರು ಈಗ ಹಾಡಿಗೊಂದು ವಿಡಿಯೋ ಮಾಡಿ ಬಿಡಿಬಿಡಿಯಾಗಿಯೇ ಬಿಡುತ್ತಾರೆ. ಜಮ್ಮುಲಮ್ಮನ ಜಾತ್ರೆಗೆ ಹೊರಟ ಟ್ರ್ಯಾಕ್ಟರಿನಲ್ಲಿಯೂ ಅವರ ಹಾಡು ಕೇಳಿಸುತ್ತದೆ. ಒಂಟಿ ಹಾಡಿಗೆ ಒಂಟಿ ಎಣಿಕೆ. ಅವರಿಗೆ ನಮ್ಮ ತೊಡಕಿಲ್ಲ.

ನಮ್ಮ ತೊಡಕು ಮತ್ತೆ ಮನೆಗೇ ಬಂತು. ಅತ್ತೆಯ ಮಗಳ ಮಗ, ಇಪ್ಪತ್ತರ ಹುಡುಗ, ನನ್ನ ಪೆಟ್ಟಿಗೆಯಿಂದ ಆ ಹಳೆಯ ಕ್ಯಾಸೆಟ್ ಒಯ್ದು ಯೂಟ್ಯೂಬಿಗೆ ಏರಿಸಿದ. ಎರಡು ಬಗೆಯಲ್ಲಿ: ಎಂಟೂ ಹಾಡು ಸೇರಿದ 48 ನಿಮಿಷದ ಒಂದು ವಿಡಿಯೋ, ಮತ್ತು ಅಜ್ಜಿಯ ಹಾಡೊಂದೇ ಇರುವ ಇನ್ನೊಂದು. ದೊಡ್ಡದನ್ನು ನೋಡಿದವರು ಸಾವಿರಗಟ್ಟಲೆ. ಚಿಕ್ಕದಕ್ಕೆ ಕೆಲವು ನೂರು. ದರ್ಜಿಗಳು, ಜೀಪಿನ ಡ್ರೈವರುಗಳು, ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಇಡೀ ಕ್ಯಾಸೆಟ್ ಹಚ್ಚಿಟ್ಟು ಕೆಲಸ ಮಾಡುತ್ತಾರೆ. ನಡುವೆ ಫೋನು ಮುಟ್ಟಿ ಬೇರೆ ಹಾಡು ಹುಡುಕಲು ಅವರ ಕೈಗೆ ಬಿಡುವೆಲ್ಲಿ?

ಹುಡುಗನ ತಂಗಿ ಚೆನ್ನಾಗಿ ಹಾಡುತ್ತಾಳೆ. ಅಜ್ಜಿಯ ದನಿಯ ಒರಟು ಅವಳಲ್ಲಿಲ್ಲ. ಆದರೆ ಹೊಳೆ ಉಕ್ಕುವ ಕಡೆ ಉಸಿರನ್ನು ನಿಲ್ಲಿಸುವ ರೀತಿ ಅದೇ. ಹಳೆಯ ಜನಪದ ಹಾಡುಗಳನ್ನು ಹೊಸದಾಗಿ ಹಾಡಿಸಿ ಬಿಡುಗಡೆ ಮಾಡುವ ಒಂದು ಸಂಸ್ಥೆಗೆ ಕಳೆದ ವರ್ಷ ಅವರು ಬರೆದಿದ್ದರು. ‘ಮೂಲ ಹಾಡಿಗೆ ಎಷ್ಟು ವ್ಯೂಸ್ ಇವೆ?’ ಎಂದು ಉತ್ತರ ಬಂತು. ಹುಡುಗ ನನ್ನ ಬಳಿ ಬಂದ.

“ಮಾಮಾ, ದೊಡ್ಡದು ತೆಗೆದುಬಿಡ್ಲಾ? ಅದು ಇಲ್ಲಾಂದ್ರ ಎಲ್ಲಾರೂ ಸಣ್ಣದಕ್ಕs ಬರ್ತಾರ. ಆರು ತಿಂಗಳದಾಗ ನಂಬರ್ ಏರ್ತದ.”

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಎಂಟರಲ್ಲಿ ಉಳಿದ ಏಳೂ ಹಾಡುಗಳಿವೆ. ಗೀಗೀ ಪದದವರು ಈಗಿಲ್ಲ. ಅವರ ಮಗ ಚಹಾದ ಹೋಟೆಲಿನಲ್ಲಿ ಬೆಳಿಗ್ಗೆ ಮೊದಲು ಹಚ್ಚುವುದು ಆ ವಿಡಿಯೋವನ್ನೇ. ಒಬ್ಬ ಹೆಣ್ಣುಮಗಳ ಹಾಡಿಗೆ ನಾನು ಒಮ್ಮೆ ಮಾಡಿದ್ದನ್ನು ಈಗ ಏಳು ಜನರಿಗೆ ಮಾಡಬೇಕೇ? ಬೇಡವೆಂದೆ. ಹುಡುಗ ಮುಖ ಸಣ್ಣದು ಮಾಡಿಕೊಂಡ. ತಂಗಿಯ ಮುಖವನ್ನು ನಾನು ನೋಡಲಿಲ್ಲ.

ಆಮೇಲೆ ಅವನು ವಿಡಿಯೋ ಏರಿಸಿದವರಿಗಷ್ಟೇ ಕಾಣುವ ಒಂದು ಪುಟವನ್ನು ತೆರೆದು ತೋರಿಸಿದ. ಯಾವ ನಿಮಿಷದಲ್ಲಿ ಎಷ್ಟು ಜನ ಕೇಳುತ್ತಿದ್ದರೆಂಬ ಗೆರೆ ಅಲ್ಲಿರುತ್ತದೆ. ಎತ್ತರದಲ್ಲಿ ಆರಂಭವಾಗಿ ನಿಧಾನವಾಗಿ ಇಳಿಯುತ್ತ ಹೋಗುವುದು ಆ ಗೆರೆಯ ಸ್ವಭಾವವಂತೆ. ನಮ್ಮದೂ ಇಳಿಯುತ್ತ ಹೋಗಿ 31ನೆಯ ನಿಮಿಷದ ಹತ್ತಿರ ದಿಬ್ಬದಂತೆ ಎದ್ದುನಿಂತಿತ್ತು. ಜನ ಹಿಂದಕ್ಕೆ ಸರಿಸಿ ಮತ್ತೆ ಮತ್ತೆ ಕೇಳಿದರೆ ಹಾಗಾಗುತ್ತದೆ ಎಂದ. 24 ನಿಮಿಷಕ್ಕೆ ಎ ಸೈಡ್ ಮುಗಿಯುತ್ತದೆ. ಬಿ ಸೈಡಿನ ಮೊದಲ ಹಾಡು ಆರು ನಿಮಿಷ ಚಿಲ್ಲರೆ. ನಾನು ಬ್ಲೇಡಿನಿಂದ ಕೊಯ್ದು ಬುಟ್ಟಿಗೆ ಹಾಕಿದ್ದ ಜಾಗ ಅದೇ.

ಸಂಸ್ಥೆಗೆ ನಾನೇ ಪತ್ರ ಬರೆದೆ. ಆ ಗೆರೆಯ ಚಿತ್ರವನ್ನು ಕಳಿಸಿದೆ. ಕ್ಯಾಸೆಟ್ಟುಗಳು ಎಲ್ಲಿ ತುಂಡಾಗುತ್ತಿದ್ದವೆಂಬುದನ್ನೂ, ಆಗ ಕಂಪನಿಯವರಿಗೆ ನಾನು ಕೊಟ್ಟ ತಪ್ಪು ಉತ್ತರವನ್ನೂ ಬರೆದೆ. ನಾಲ್ಕು ಪುಟವಾಯಿತು. ಎರಡು ದಿನಕ್ಕೆ ಮೊಬೈಲಿಗೆ ಒಂದು ಸಾಲಿನ ಉತ್ತರ ಬಂತು: ‘ಪತ್ರ ಬೇಡ ಸರ್, ಹಾಡಿನ ಲಿಂಕ್ ಕಳಿಸಿ.’ ಕಳಿಸಿದ್ದೇನೆ. ಇನ್ನೂ ಏನೂ ತಿಳಿದಿಲ್ಲ.

ಈ ಸಮ್ಮೇಳನದ ಎರಡನೆಯ ದಿನ ಸಂಜೆ ಆ ಹುಡುಗಿ ಹಾಡುತ್ತಾಳೆ. ಆಹ್ವಾನ ಪತ್ರಿಕೆಯಲ್ಲಿ ‘ಜಾನಪದ ಗಾಯನ, 15 ನಿಮಿಷ’ ಎಂದಷ್ಟೇ ಅಚ್ಚಾಗಿದೆ. ಐದು ಜನ ಹಾಡುವವರಿದ್ದಾರೆ, ಎಲ್ಲರ ಹಾಡಿನ ಹೆಸರಿಗೆ ಜಾಗ ಸಾಲಲಿಲ್ಲವಂತೆ. ನನ್ನ ಪ್ರತಿಯಲ್ಲಿ ಆ ಸಾಲಿನ ಪಕ್ಕದಲ್ಲಿ ಪೆನ್ನಿನಿಂದ ಹಾಡಿನ ಹೆಸರನ್ನೂ ಅದರ ಕೆಳಗೆ ಅತ್ತೆಯ ಹೆಸರನ್ನೂ ಬರೆದುಕೊಂಡಿದ್ದೇನೆ.